ಹೆಬ್ಬೆರಳು ಬಗ್ಗುತ್ತದೆಯೇ ಎಂದು ನೋಡುವವರು ಬೇಕು

ಕಾಲಿನ ಹೆಬ್ಬೆರಳಿನ ಅಡಿಯಲ್ಲಿ, ಇನ್ನೊಂದು ಪಾದದ ಕಡೆಗೆ ಮುಖ ಮಾಡಿದ ಅಂಚಿಗೆ, ಒಂದು ರೂಪಾಯಿ ನಾಣ್ಯದಷ್ಟಗಲ ಚರ್ಮ ಹಳದಿಗಟ್ಟಿ ದಪ್ಪವಾಗಿರುತ್ತದೆ. ಮುಟ್ಟಿದರೆ ಒಣಗಿದ ಅಡಕೆ ಹಾಳೆಯಷ್ಟು ಗಡಸು. ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಇದನ್ನು ದಡ್ಡು ಎನ್ನುತ್ತಾರೆ; ಆಣಿ ಎಂದೇ ತಿಳಿದುಕೊಳ್ಳುವವರೂ ಇದ್ದಾರೆ. ಬಚ್ಚಲ ಕಲ್ಲಿಗೆ ಉಜ್ಜುತ್ತಾರೆ, ಹಳೆಯ ಬ್ಲೇಡಿನಿಂದ ಕೆತ್ತುತ್ತಾರೆ, ಮೆಡಿಕಲ್ ಶಾಪಿನಿಂದ ಕಾರ್ನ್ ಕ್ಯಾಪ್ ತಂದು ಅಂಟಿಸುತ್ತಾರೆ. ಕೆಲವೇ ವಾರಗಳಲ್ಲಿ ಅದು ಅದೇ ಜಾಗದಲ್ಲಿ ಅಷ್ಟೇ ದಪ್ಪಕ್ಕೆ ಮತ್ತೆ ಬಂದಿರುತ್ತದೆ. ಅಲ್ಲೇ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಚರ್ಮದಲ್ಲಿಲ್ಲ, ಎರಡು ಬೆರಳಗಲ ಹಿಂದೆ ಹೆಬ್ಬೆರಳಿನ ಬುಡದಲ್ಲಿರುವ ಕೀಲಿನಲ್ಲಿದೆ. ಆ ಕೀಲು ಮೇಲ್ಮುಖವಾಗಿ ಬಾಗುವುದನ್ನು ಕಡಿಮೆ ಮಾಡಿದರೆ ಇಡೀ ಅಂಗಾಲಿನ ಮೇಲೆ ಭಾರ ಹಂಚಿಕೆಯಾಗುವ ರೀತಿಯೇ ಬದಲಾಗುತ್ತದೆ. ಸಾಮಾನ್ಯರಿಗೆ ಇದು ನೋವಿನ ವಿಷಯ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಕಾಲು ಉಳಿಯುತ್ತದೆಯೋ ಇಲ್ಲವೋ ಎಂಬ ವಿಷಯ. ಹಾಗಾಗಿ ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ, ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆಯವರ ರಕ್ತ ಮತ್ತು ಬಿಪಿ ಪರೀಕ್ಷೆ ಮಾಡುವಷ್ಟೇ ಸಹಜವಾಗಿ ಅವರ ಹೆಬ್ಬೆರಳನ್ನು ಎತ್ತಿ ನೋಡುವ ಪದ್ಧತಿ ಬರಬೇಕು ಎಂಬುದು ಈ ಲೇಖನದ ವಾದ.

ಒಂದೇ ಒಂದು ಹೆಜ್ಜೆಯನ್ನು ನಿಧಾನಿಸಿ ನೋಡೋಣ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಭಾರ ಅಂಗಾಲಿನ ಹೊರ ಅಂಚು ಹಿಡಿದು ಮುಂದೆ ಸಾಗಿ ಬೆರಳುಗಳ ಬುಡಕ್ಕೆ ಬರುತ್ತದೆ, ಅಲ್ಲಿಂದ ಒಳಕ್ಕೆ ಹೊರಳಿ ಹೆಬ್ಬೆರಳಿನ ಬುಡವನ್ನು ಸೇರುತ್ತದೆ. ಆಗ ಹಿಮ್ಮಡಿ ಮೇಲೇಳುತ್ತದೆ, ಹೆಬ್ಬೆರಳು ಮಾತ್ರ ನೆಲಕ್ಕಂಟಿಕೊಂಡೇ ಇರುತ್ತದೆ. ಎರಡರ ನಡುವಿನ ಕೀಲು ಬಾಗಿಲ ತಿರುಗಣಿಯಂತೆ ತೆರೆದುಕೊಳ್ಳಬೇಕು. ಆ ಕೀಲಿನಡಿ ಕಡಲೆಕಾಳಿನ ಗಾತ್ರದ ಎರಡು ಪುಟ್ಟ ಮೂಳೆಗಳಿದ್ದು, ಅವುಗಳ ಮೇಲೆ ಭಾರ ಜಾರಿಕೊಂಡು ಮುಂದೆ ಹೋಗುತ್ತದೆ. ಇಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನ ಉದ್ದಕ್ಕೂ ಒಂದು ಗಟ್ಟಿ ನಾರಿನ ಪಟ್ಟಿ ಹಬ್ಬಿದೆ. ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡಾಗ ಕೊಡ ಮೇಲೇರುವಂತೆ, ಹೆಬ್ಬೆರಳು ಬಾಗಿದಾಗ ಈ ಪಟ್ಟಿ ಅದರ ಬುಡದ ಮೂಳೆಯ ಗುಂಡನೆಯ ತುದಿಗೆ ಸುತ್ತಿಕೊಂಡು ಬಿಗಿಯಾಗುತ್ತದೆ, ಪಾದದ ಕಮಾನು ಮೇಲೇರುತ್ತದೆ, ಅಲ್ಲಿಯವರೆಗೆ ಸಡಿಲವಿದ್ದ ಪಾದ ನೆಲವನ್ನು ಒದ್ದು ಮುಂದೆ ಹೋಗಲು ಬೇಕಾದ ಗಟ್ಟಿ ಸನ್ನೆಗೋಲಾಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯ ಜೆ.ಎಚ್. ಹಿಕ್ಸ್ ಇದನ್ನು 1954ರಲ್ಲಿ ವಿವರಿಸಿದರು. ರಾಟೆಯ ಹೋಲಿಕೆಯೂ ಅವರದೇ. ಯಾರಾದರೂ ನೆಲದ ಮೇಲೆ ಸಮನಾಗಿ ನಿಂತಿರುವಾಗ ಅವರ ಹೆಬ್ಬೆರಳಿನಡಿ ನಮ್ಮ ಬೆರಳು ತೂರಿಸಿ ಮೇಲೆತ್ತಿದರೆ ಒಳಪಾದದ ಕಮಾನು ಕಣ್ಣೆದುರೇ ಏರುವುದನ್ನು ಕಾಣಬಹುದು. ಬೆರಳು ಏಳದಿದ್ದರೆ ಅಥವಾ ಎದ್ದರೂ ಕಮಾನು ಮಿಸುಕದಿದ್ದರೆ ರಾಟೆ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಬೇಕು.

ರಾಟೆ ಸಿಕ್ಕಿಕೊಂಡಿದೆ ಎಂದು ನಡಿಗೆ ನಿಲ್ಲುವುದಿಲ್ಲ. ದೇಹ ದಾರಿ ಹುಡುಕಿಕೊಳ್ಳುತ್ತದೆ, ಮತ್ತು ಆ ದಾರಿಗಳೇ ಅಂಗಾಲನ್ನು ಸವೆಸುತ್ತವೆ. ಒಂದು ದಾರಿಯಲ್ಲಿ ಬುಡದ ಕೀಲು ಬಾಗದ್ದರಿಂದ ಹೆಬ್ಬೆರಳು ಮರದ ಹಲಗೆಯಂತೆ ನೆಲಕ್ಕೆ ಒತ್ತಿಕೊಳ್ಳುತ್ತದೆ. ಬಾಗಬೇಕಾದ ಕೆಲಸ ಉಗುರಿನ ಹತ್ತಿರದ ಚಿಕ್ಕ ಕೀಲಿಗೆ ಬೀಳುತ್ತದೆ; ಆ ಕೀಲಿನಡಿಯ ಚರ್ಮ ನೆಲಕ್ಕೂ ಮೂಳೆಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ. ಮೇಲೆ ಹೇಳಿದ ದಡ್ಡು ಹುಟ್ಟುವುದು ಇಲ್ಲಿ. ಇನ್ನೊಂದು ದಾರಿಯಲ್ಲಿ ಪಾದ ಹೆಬ್ಬೆರಳನ್ನೇ ತಪ್ಪಿಸಿ ಹೊರಕ್ಕೆ ಹೊರಳುತ್ತದೆ. ಆಗ ಅಷ್ಟು ಭಾರಕ್ಕೆಂದು ಮಾಡಿರದ ಸಣ್ಣ ಬೆರಳುಗಳೂ ಅವುಗಳ ಬುಡದ ಸಪೂರ ಮೂಳೆಗಳೂ ಹೆಬ್ಬೆರಳಿನ ಪಾಲನ್ನು ಹೊರಬೇಕಾಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಈ ಕೀಲು ಸವೆದ ಹಿರಿಯರ ಅಂಗಾಲಿನ ಒತ್ತಡವನ್ನು ಅಳೆದು 2008ರಲ್ಲಿ ಪ್ರಕಟಿಸಿದಾಗ, ಹೆಬ್ಬೆರಳು ಮತ್ತು ಸಣ್ಣ ಬೆರಳುಗಳ ಅಡಿ ಒತ್ತಡ ಇತರರಿಗಿಂತ ಹೆಚ್ಚಿರುವುದು ಕಂಡಿತು. ಒತ್ತಡವೆಂದರೆ ಭಾರ ಭಾಗಿಸು ಜಾಗ, ಅಷ್ಟೇ. ಅರವತ್ತು ಕಿಲೋ ತೂಕದವರ ಭಾರ ಅರವತ್ತು ಚದರ ಸೆಂಟಿಮೀಟರಿನ ಮೇಲೆ ಹರಡಿದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ. ಅದರಲ್ಲಿ ಬರೀ ಇಪ್ಪತ್ತು ಕಿಲೋ ಹೆಬ್ಬೆರಳಿನಡಿಯ ಎರಡು ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಹತ್ತು ಕಿಲೋ. ದಿನಕ್ಕೆ ಆರು ಸಾವಿರ ಹೆಜ್ಜೆ ಹಾಕುವವರ ಒಂದೊಂದು ಪಾದಕ್ಕೂ ಇದು ಮೂರು ಸಾವಿರ ಸಲ ಬೀಳುವ ಪೆಟ್ಟು.

ಸಕ್ಕರೆ ಕಾಯಿಲೆ ಈ ಕಥೆಯೊಳಗೆ ಎರಡು ಬಾಗಿಲಿನಿಂದ ಬರುತ್ತದೆ. ನರಗಳನ್ನು ಮಂಕಾಗಿಸುವ ಬಾಗಿಲು ಎಲ್ಲರಿಗೂ ಗೊತ್ತು. ಜೋಮು, ಉರಿ, ಕೊನೆಗೆ ಏನೂ ತಿಳಿಯದ ಮರಗಟ್ಟುವಿಕೆ. ಇನ್ನೊಂದರ ಬಗ್ಗೆ ಮಾತು ಕಡಿಮೆ. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆ ದೇಹದ ನಾರುಗಳಿಗೆ, ಅಂದರೆ ಕೊಲಾಜೆನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಎಳೆಗೂ ಎಳೆಗೂ ನಡುವೆ ಬೆಸುಗೆ ಹಾಕುತ್ತದೆ. ಚರ್ಮ, ಸ್ನಾಯುರಜ್ಜು, ಕೀಲಿನ ಸುತ್ತಲ ಚೀಲ ಎಲ್ಲವೂ ಬಿಗಿಯಾಗುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ ರೋಸೆನ್‌ಬ್ಲೂಮ್ ಎಂಬ ವೈದ್ಯರು 1970ರ ದಶಕದಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳ ಕೈಗಳಲ್ಲಿ ಇದನ್ನು ಗುರುತಿಸಿದರು. ಕೈ ಮುಗಿಯಲು ಹೇಳಿದರೆ ಅಂಗೈಗಳೂ ಬೆರಳುಗಳೂ ಪೂರ್ತಿ ಕೂಡುವುದಿಲ್ಲ, ನಡುವೆ ಸಂದು ಉಳಿಯುತ್ತದೆ; ವೈದ್ಯರ ಭಾಷೆಯಲ್ಲಿ ಇದಕ್ಕೆ ಪ್ರಾರ್ಥನೆಯ ಚಿಹ್ನೆ ಎಂದೇ ಹೆಸರು. ದಿನಕ್ಕೆ ಹತ್ತು ಸಲ ನಮಸ್ಕಾರ ಮಾಡುವ ನಾಡಿನಲ್ಲಿ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಕೈಯಲ್ಲಿ ನಡೆದದ್ದು ಕಾಲಿನಲ್ಲೂ ನಡೆಯುತ್ತದೆ. ಮೀನಖಂಡದಿಂದ ಹಿಮ್ಮಡಿಗೆ ಬರುವ ರಜ್ಜು ಬಿಗಿದು ಭಾರವನ್ನು ಬೇಗನೆ ಮುಂಗಾಲಿಗೆ ತಳ್ಳುತ್ತದೆ. ಅಲ್ಲಿ ಹೆಬ್ಬೆರಳಿನ ಕೀಲೂ ಬಿಗಿದು ಕೂತಿರುತ್ತದೆ. ಭಾರಕ್ಕೆ ಹೋಗಲು ಜಾಗವೇ ಇರುವುದಿಲ್ಲ.

ಈ ಒತ್ತಡ ಮತ್ತು ಆ ಮರಗಟ್ಟುವಿಕೆ ಒಂದೇ ಪಾದದಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ ಕೆಲಸ ನಮ್ಮ ಪಕ್ಕದಲ್ಲೇ, ವೆಲ್ಲೂರಿನಲ್ಲಿ ನಡೆಯಿತು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದಾಗ, ಕುಷ್ಠರೋಗಿಗಳ ಪಾದದ ಹುಣ್ಣಿಗೆ ರೋಗವೇ ನೇರ ಕಾರಣ, ಆ ಮಾಂಸವೇ ಕೊಳೆಯುವಂಥದ್ದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಅವರು ಹುಣ್ಣುಗಳ ಜಾಗವನ್ನು ನೋಡುತ್ತಾ ಹೋದರು. ನೋವು ತಿಳಿಯದ ಕಾಲಿನಲ್ಲಿ ಎಲ್ಲಿ ಒತ್ತಡ ಹೆಚ್ಚೋ ಅಲ್ಲೇ ಹುಣ್ಣಾಗುತ್ತಿತ್ತು. ಮಾಂಸ ಎಲ್ಲರ ಮಾಂಸದಂತೆಯೇ ಇತ್ತು, ಇಲ್ಲದ್ದು ಎಚ್ಚರಿಕೆ ಮಾತ್ರ. ನಮಗೆ ಚಪ್ಪಲಿ ಕಚ್ಚಿದರೆ ಗೊತ್ತಿಲ್ಲದೆಯೇ ಕಾಲು ಸ್ವಲ್ಪ ವಾರೆ ಇಡುತ್ತೇವೆ, ಕುಂಟುತ್ತೇವೆ, ಕೂರುತ್ತೇವೆ. ಸ್ಪರ್ಶ ಕಳೆದುಕೊಂಡವರಿಗೆ ಆ ಸೂಚನೆ ಬರುವುದಿಲ್ಲವಾದ್ದರಿಂದ ಮೂರು ಸಾವಿರದ ಒಂದನೆಯ ಪೆಟ್ಟೂ ಮೊದಲಿನ ಜಾಗಕ್ಕೇ ಬೀಳುತ್ತದೆ. ದಡ್ಡಿನ ಅಡಿ ರಕ್ತ ಕಟ್ಟುತ್ತದೆ, ಮೇಲೆ ಏನೂ ಕಾಣದು. ಅದು ಒಡೆದ ದಿನ ಒಳಗೆ ಆಗಲೇ ಗುಳಿ ಬಿದ್ದಿರುತ್ತದೆ. ಬ್ರ್ಯಾಂಡ್ ಆಮೇಲೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಾಗ ಅದೇ ಪಾಠವನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಅನ್ವಯಿಸಿದರು. ಬಗ್ಗದ ಹೆಬ್ಬೆರಳಿಗೂ ಆ ಬೆರಳಿನಲ್ಲೇ ಆಗುವ ಹುಣ್ಣಿಗೂ ಇರುವ ನಂಟನ್ನು ಅಮೆರಿಕದ ಸಂಶೋಧಕರು 1988ರಲ್ಲಿ ವರದಿ ಮಾಡಿದರು. ಕೀಲು ಬಿಗಿದ ಭಾರತೀಯರ ಪಾದದಲ್ಲೂ ಒತ್ತಡ ಹೆಚ್ಚು, ಹುಣ್ಣಿನೊಂದಿಗೆ ಅದಕ್ಕೆ ಸಂಬಂಧವಿದೆ ಎಂದು ಚೆನ್ನೈನ ವೈದ್ಯ ವಿಜಯ್ ವಿಶ್ವನಾಥನ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟರು.

ಇದು ದೊಡ್ಡ ನಗರಗಳ ಸಮಸ್ಯೆ ಮಾತ್ರವಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ವಯಸ್ಕರಲ್ಲಿ ಶೇ. 11.4. ಸಕ್ಕರೆ ಕಾಯಿಲೆ ಬಂದವರಲ್ಲಿ ಐವರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಪಾದದ ಹುಣ್ಣು ಆಗುವ ಸಾಧ್ಯತೆಯಿದೆ ಎಂಬುದು ಜಾಗತಿಕ ಅಂದಾಜು. ವಾಸಿಯಾದ ಹುಣ್ಣು ಒಂದೇ ವರ್ಷದೊಳಗೆ ಮರಳಿ ಬರುವುದು ಹತ್ತರಲ್ಲಿ ನಾಲ್ವರಿಗೆ. ಭದ್ರಾವತಿಯನ್ನೇ ನೋಡಿ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಮೈಸೂರು ಪೇಪರ್ ಮಿಲ್ಸ್, ಇವೆರಡನ್ನು ನಂಬಿ ಬೆಳೆದ ಊರು ಅದು. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ನ್ಯೂಟೌನ್, ಪೇಪರ್ ಟೌನ್, ಹಳೇನಗರದಲ್ಲಿ ಈಗ ಇರುವವರಲ್ಲಿ ಎಷ್ಟೋ ಜನ ನಿವೃತ್ತರು. ದಶಕಗಟ್ಟಲೆ ಗಟ್ಟಿ ಬೂಟಿನಲ್ಲಿ, ಸಿಮೆಂಟು ನೆಲದ ಮೇಲೆ ಶಿಫ್ಟ್‌ಗಟ್ಟಲೆ ನಿಂತ ಕಾಲುಗಳು. ಹೆಬ್ಬೆರಳ ಮೇಲೆ ಒಮ್ಮೆ ಬಿದ್ದ ಭಾರ, ಹತ್ತಾರು ಸಲ ಎಡವಿದ್ದು, ಇಂಥ ಪೆಟ್ಟುಗಳು ಈ ಕೀಲಿನ ಸವೆತಕ್ಕೆ ಗೊತ್ತಿರುವ ಕಾರಣಗಳು. ಕಾರ್ಖಾನೆ ಕೊಟ್ಟಿದ್ದ ಆಸ್ಪತ್ರೆ ಸವಲತ್ತಿನ ಆಸರೆ ದುರ್ಬಲವಾದಷ್ಟೂ ಅವರ ಪಾದದ ಜವಾಬ್ದಾರಿ ತಾಲ್ಲೂಕು ಆಸ್ಪತ್ರೆಯ ಮೇಲೆ ಬೀಳುತ್ತದೆ. ಶಿವಮೊಗ್ಗದ ಕಡೆ ಬಂದರೆ, ಅಡಕೆ ಮಂಡಿಯಲ್ಲಿ ಮೂಟೆ ಹೊರುವವರು, ಗಾಂಧಿ ಬಜಾರಿನ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವವರು, ಮಳೆಗಾಲದ ಮೂರು ತಿಂಗಳು ಚರ್ಮ ನೆನೆದು ಬಿಳಿಚಿಕೊಂಡೇ ಇರುವ ತೋಟದ ಕೆಲಸದವರು. ಇವರಲ್ಲಿ ಹುಣ್ಣು ಕೀವಾದ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬರುವವರಿಗೆ ಸಿಗಬಹುದಾದದ್ದು ಹುಣ್ಣಿನ ಚಿಕಿತ್ಸೆ. ಹುಣ್ಣು ಏಕೆ ಅಲ್ಲೇ ಆಯಿತು ಎಂಬುದರ ಚಿಕಿತ್ಸೆ ಅದಕ್ಕಿಂತ ಹತ್ತು ವರ್ಷ ಮೊದಲೇ, ಶುಗರ್ ಮಾತ್ರೆ ಬರೆಸಿಕೊಳ್ಳಲು ಬಂದಾಗ ಸಿಗಬೇಕಿತ್ತು.

ಹೆಬ್ಬೆರಳನ್ನು ಎತ್ತಿ ನೋಡಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ: ಶುಗರ್ ಹತೋಟಿಯಲ್ಲಿಟ್ಟರೆ ಸಾಕು, ಬೆರಳಿನ ಲೆಕ್ಕಾಚಾರ ಏಕೆ? ಶುಗರ್ ಹತೋಟಿ ಎಲ್ಲಕ್ಕಿಂತ ಮೊದಲು ಎಂಬುದರಲ್ಲಿ ಎರಡು ಮಾತಿಲ್ಲ. ಬಿಗಿ ಹತೋಟಿಯಿಂದ ನರಗಳ ಹಾನಿ ತಡವಾಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನ 1993ರಲ್ಲೇ ಸಾಬೀತು ಮಾಡಿದೆ. ಆದರೆ ಹದಿನೈದು ವರ್ಷದಲ್ಲಿ ನಾರಿಗೆ ಬಿದ್ದ ಬೆಸುಗೆ ಮೂರು ತಿಂಗಳ ಒಳ್ಳೆಯ ರಿಪೋರ್ಟಿನಿಂದ ಬಿಚ್ಚಿಕೊಳ್ಳುವುದಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೇ ಹಲವರಿಗೆ ಅದು ಬಂದು ವರ್ಷಗಳಾಗಿರುತ್ತವೆ. ಬಗ್ಗದ ಬೆರಳು ಹೊತ್ತು ನಡೆಯುವವರಿಗೆ ನಾಳೆ ಬೆಳಿಗ್ಗೆಯ ಮೂರು ಸಾವಿರ ಪೆಟ್ಟುಗಳಿಂದ ರಕ್ಷಣೆ ಬೇಕು. ಮಾತ್ರೆ ಆ ಕೆಲಸ ಮಾಡುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಲವು ದೇಶಗಳ 16 ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಮಾಹಿತಿಯನ್ನು ಒಟ್ಟುಗೂಡಿಸಿ ಬ್ರಿಟನ್ನಿನ ಸಂಶೋಧಕರು 2015ರಲ್ಲಿ ಮಾಡಿದ ವಿಶ್ಲೇಷಣೆ, ಪಾದದ ಹುಣ್ಣನ್ನು ಮುಂಚಿತವಾಗಿ ಹೇಳಲು ಮೂರು ಸಂಗತಿ ಸಾಕು ಎಂದಿತು: ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯ ಸ್ಪರ್ಶ ತಿಳಿಯದಿರುವುದು, ಪಾದದ ನಾಡಿ ಸಿಗದಿರುವುದು, ಹಿಂದೊಮ್ಮೆ ಹುಣ್ಣಾಗಿರುವುದು ಅಥವಾ ಅಂಗ ಕತ್ತರಿಸಿರುವುದು. ಹೆಬ್ಬೆರಳು ಬಗ್ಗುತ್ತದೆಯೇ ಎಂಬುದು ಈ ಪಟ್ಟಿಯಲ್ಲಿಲ್ಲ. ಹಾಗಾದರೆ ಒಂದು ನಿಮಿಷವೂ ಬಿಡುವಿಲ್ಲದ ಸಿಬ್ಬಂದಿಗೆ ಇನ್ನೊಂದು ಪರೀಕ್ಷೆ ಹೇರುವುದು ಏಕೆ? ನನ್ನ ಉತ್ತರ ಇದು. ಆ ಮೂರು ಪರೀಕ್ಷೆಗಳು ಯಾರಿಗೆ ಹುಣ್ಣಾಗಬಹುದು ಎಂದು ಹೇಳುತ್ತವೆ. ಎಲ್ಲಿ ಆಗಬಹುದು, ಅದನ್ನು ತಡೆಯಲು ಪಾದರಕ್ಷೆ ಹೇಗಿರಬೇಕು ಎಂಬುದನ್ನು ಹೇಳುವುದಿಲ್ಲ. ನೈಲಾನ್ ಎಳೆ ತಿಳಿಯದ ಇಬ್ಬರಲ್ಲಿ ಒಬ್ಬರ ಹೆಬ್ಬೆರಳು ಚೆನ್ನಾಗಿ ಬಾಗುತ್ತದೆ, ಇನ್ನೊಬ್ಬರದು ಮಿಸುಕುವುದಿಲ್ಲ ಎಂದಿಟ್ಟುಕೊಳ್ಳಿ. ಮೊದಲನೆಯವರಿಗೆ ಮೆತ್ತನೆಯ ಒಳಪದರವೇ ಸಾಕಾಗಬಹುದು. ಎರಡನೆಯವರಿಗೆ ಎಷ್ಟು ಮೆತ್ತಗಿನ ಪದರ ಹಾಕಿದರೂ ಬೆರಳು ಅದನ್ನು ತುಳಿದು ಅಪ್ಪಚ್ಚಿ ಮಾಡುತ್ತದೆ. ಬಾಗುವ ಕೆಲಸವನ್ನೇ ಚಪ್ಪಲಿಯ ಅಟ್ಟೆಗೆ ವಹಿಸಬೇಕಾಗುತ್ತದೆ. ಮಧುಮೇಹದ ಪಾದದ ಬಗ್ಗೆ ಮಾರ್ಗದರ್ಶಿ ಸೂತ್ರ ಸಿದ್ಧಪಡಿಸುವ ಅಂತಾರಾಷ್ಟ್ರೀಯ ಕಾರ್ಯಪಡೆಯೂ ಅಪಾಯದಲ್ಲಿರುವ ಪಾದದಲ್ಲಿ ಕೀಲುಗಳ ಬಿಗಿತವನ್ನು ನೋಡಿ ಎಂದೇ ಹೇಳುತ್ತದೆ. ಸ್ಪರ್ಶ ಕಳೆದುಕೊಂಡವರು ಎಂದು ಗೊತ್ತಾದವರ ಬೆರಳನ್ನಷ್ಟೇ ಎತ್ತಿ ನೋಡಿದರೂ ಆಯಿತು. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.

ಅಳತೆಯ ಬಗ್ಗೆ ಪರಿಣತರೊಳಗೇ ಒಂದು ತಕರಾರಿದೆ. ನಡೆಯಲು ಹೆಬ್ಬೆರಳು 65 ಡಿಗ್ರಿ ಬಾಗಬೇಕು ಎಂದು ಹಳೆಯ ಪಠ್ಯಪುಸ್ತಕಗಳು ಬರೆದವು. ನಡೆಯುವವರ ಪಾದವನ್ನೇ ಅಳೆದು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 40 ಡಿಗ್ರಿಯ ಆಸುಪಾಸು ಸಾಕೆಂದು ಕಂಡಿತು. ಕೂತಾಗ ಸಲೀಸಾಗಿ ಬಾಗುವ ಬೆರಳು ನಿಂತು ಭಾರ ಬಿದ್ದಾಗ ಸಿಕ್ಕಿಕೊಳ್ಳುವುದೂ ಉಂಟು. ಒಬ್ಬರು ಅಳೆದ ಕೋನ ಇನ್ನೊಬ್ಬರಿಗೆ ಐದಾರು ಡಿಗ್ರಿ ಆಚೀಚೆ ಬರುತ್ತದೆ. ಇವೆಲ್ಲ ನಿಜ. ಆದರೆ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಯಾರೂ 62 ಡಿಗ್ರಿಗೂ 65 ಡಿಗ್ರಿಗೂ ವ್ಯತ್ಯಾಸ ಹುಡುಕಬೇಕಾಗಿಲ್ಲ. ನಾವು ಹಿಡಿಯಬೇಕಾದದ್ದು ಹತ್ತು ಹದಿನೈದು ಡಿಗ್ರಿಯಲ್ಲೇ ನಿಂತುಬಿಡುವ ಬೆರಳನ್ನು, ಅದು ಬರಿಗಣ್ಣಿಗೆ ಕಾಣುತ್ತದೆ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಎತ್ತಿ ನೋಡಿ, ಬೆರಳಿನಡಿ ದಡ್ಡು ಇದೆಯೇ ಎಂದು ಗಮನಿಸಿದರೆ ಮೂರೂ ಸೇರಿ ಹೇಳುವ ಮಾತಿನಲ್ಲಿ ಗೊಂದಲ ಕಡಿಮೆ.

ತಲೆತಲಾಂತರದಿಂದ ನಾವು ಬರಿಗಾಲಿನಲ್ಲಿ ನಡೆದವರು, ಕುಕ್ಕರುಗಾಲಿನಲ್ಲಿ ಕೂತವರು, ನಮ್ಮ ಕೀಲುಗಳು ಬೂಟು ಹಾಕುವವರ ಕೀಲಿನಂತಲ್ಲ ಎಂಬ ಮಾತೂ ಬರುತ್ತದೆ. ಅದರಲ್ಲಿ ಸ್ವಲ್ಪ ಸತ್ಯವಿದೆ ಎಂದು ಒಪ್ಪುತ್ತೇನೆ. ಅಡಕೆ ಮರ ಹತ್ತುವ ಕೊನೆಗೌಡರ ಪಾದವನ್ನು ಗಮನಿಸಿದವರಿಗೆ ಬೆರಳುಗಳಿಗೆ ಎಷ್ಟು ಶಕ್ತಿ, ಎಷ್ಟು ಚಲನೆ ಸಾಧ್ಯ ಎಂಬುದು ಗೊತ್ತು. ಎರಡು ಪಾದಕ್ಕೂ ಕುಣಿಕೆ ಹಾಕಿಕೊಂಡು ನಯವಾದ ಕಾಂಡವನ್ನು ಅಪ್ಪಿ ಹಿಡಿಯುವಾಗ ಹೆಬ್ಬೆರಳು ಕೈಯಂತೆಯೇ ಕೆಲಸ ಮಾಡುತ್ತದೆ. ಆದರೆ ಅಭ್ಯಾಸ ಕೊಟ್ಟ ಸಡಿಲವನ್ನು ಸಕ್ಕರೆ ಕಾಯಿಲೆ ಉಳಿಸುವುದಿಲ್ಲ, ಚೆನ್ನೈನ ಅಧ್ಯಯನದಲ್ಲಿದ್ದವರೂ ಬರಿಗಾಲಿನ ನಾಡಿನವರೇ. ಸ್ಪರ್ಶ ಹೋದ ಪಾದಕ್ಕೆ ಬರಿಗಾಲು ದೊಡ್ಡ ಅಪಾಯ, ಮನೆಯೊಳಗೂ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯ ಸಾಲಿನಲ್ಲಿ ಗಂಟೆಗಟ್ಟಲೆ ಬಿಸಿನೆಲದ ಮೇಲೆ ನಿಲ್ಲುವವರಲ್ಲಿ ಸಕ್ಕರೆ ಕಾಯಿಲೆಯವರೂ ಇರುತ್ತಾರೆ. ಅವರ ಭಕ್ತಿಗೆ ಕುಂದಿಲ್ಲದಂತೆ ಬಟ್ಟೆಯ ದಪ್ಪ ಕಾಲುಚೀಲಕ್ಕೆ ಅವಕಾಶ ಕೊಡುವುದು ಯಾವ ದೇವಸ್ಥಾನಕ್ಕೂ ಕಷ್ಟವಾಗಬಾರದು.

ಬೆರಳು ಬಗ್ಗುವುದಿಲ್ಲ ಎಂದು ಗೊತ್ತಾದರೆ ಮಾಡುವುದೇನು ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಉತ್ತರವಿಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಕೀಲನ್ನು ಎಳೆದು ಸಡಿಲಿಸುವ ವ್ಯಾಯಾಮದಿಂದ ಸ್ವಲ್ಪ ಪ್ರಯೋಜನವಿದೆ, ಅದರ ಮೇಲೇ ಭರವಸೆ ಇಡಲಾಗದು. ದಡ್ಡನ್ನು ತರಬೇತಿ ಪಡೆದವರಿಂದ ನಿಯಮಿತವಾಗಿ ತೆಗೆಸಿದರೆ ಅಡಿಯ ಒತ್ತಡ ಗಣನೀಯವಾಗಿ ಇಳಿಯುತ್ತದೆ. ಆದರೆ ಮನೆಯ ಬ್ಲೇಡೂ ಆಸಿಡ್ ಇರುವ ಕಾರ್ನ್ ಕ್ಯಾಪೂ ಸ್ಪರ್ಶವಿಲ್ಲದ ಪಾದದ ಹತ್ತಿರ ಬರಕೂಡದು. ಉಳಿದದ್ದು ಪಾದರಕ್ಷೆ. ನಾವು ದಿನಾ ಹಾಕುವ ಹವಾಯಿ ಚಪ್ಪಲಿ ಇಂಥವರಿಗೆ ಎರಡು ರೀತಿಯಲ್ಲಿ ಕೆಟ್ಟದ್ದು. ಹಿಂಬದಿ ಪಟ್ಟಿ ಇಲ್ಲದ್ದರಿಂದ ಅದನ್ನು ಬೆರಳಿನಿಂದ ಹಿಡಿದೇ ನಡೆಯಬೇಕು, ಮತ್ತು ಉಂಗುಷ್ಠ ಬೆರಳ ಸಂದಿಯನ್ನು ಉಜ್ಜುತ್ತಲೇ ಇರುತ್ತದೆ. ಇದರ ಬದಲು ಹಿಮ್ಮಡಿಗೆ ಪಟ್ಟಿ ಇರುವ, ಒಳಗೆ ಎಂಸಿಆರ್ ಎಂಬ ಸೂಕ್ಷ್ಮರಂಧ್ರದ ಮೆತ್ತನೆಯ ರಬ್ಬರ್ ಇರುವ, ಹೊರ ಅಟ್ಟೆ ಮಾತ್ರ ಗಟ್ಟಿಯಿರುವ ಸ್ಯಾಂಡಲ್ ಬೇಕು. ಹೆಬ್ಬೆರಳು ಬಾಗದವರಿಗೆ ಆ ಅಟ್ಟೆ ಬೆರಳುಗಳ ಬುಡಕ್ಕಿಂತ ಸ್ವಲ್ಪ ಹಿಂದಿನಿಂದಲೇ ದೋಣಿಯ ಮೂತಿಯಂತೆ ಮೇಲೇರಬೇಕು. ಆಗ ಪಾದ ಬಾಗದೆಯೇ ಅಟ್ಟೆಯ ಮೇಲೆ ಉರುಳಿ ಮುಂದೆ ಹೋಗುತ್ತದೆ, ಬೆರಳು ನೆಲಕ್ಕೆ ಒತ್ತಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಉರುಳುವ ಅಟ್ಟೆಯಿಂದ ವಯಸ್ಸಾದವರು ಆಯ ತಪ್ಪಬಹುದೆಂಬ ಭಯ ಸಕಾರಣವೇ. ಆದ್ದರಿಂದ ಏರಿಕೆಯನ್ನು ಮಿತವಾಗಿಟ್ಟು, ನಡೆಸಿ ನೋಡಿ, ಆಮೇಲೆ ಕೊಡಬೇಕು.

ಇಷ್ಟಕ್ಕೆ ದುಡ್ಡು ಎಲ್ಲಿಂದ ಎನ್ನುವವರಿಗೆ ಒಂದು ವಿಷಯ ನೆನಪಿಸಬೇಕು. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಸ್ಪರ್ಶ ಕಳೆದುಕೊಂಡ ಪಾದದವರಿಗೆ ಎಂಸಿಆರ್ ಪಾದರಕ್ಷೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತಲೇ ಬಂದಿದೆ. ಅಪಾಯ ಅದೇ, ಪರಿಹಾರ ಅದೇ, ಕಾಯಿಲೆಯ ಹೆಸರು ಬೇರೆ ಎಂಬ ಕಾರಣಕ್ಕೆ ಸಕ್ಕರೆ ಕಾಯಿಲೆಯವರನ್ನು ಹೊರಗಿಡುವುದು ನ್ಯಾಯವಲ್ಲ. ಚರ್ಮೋದ್ಯಮಕ್ಕೆಂದೇ ರಾಜ್ಯದ ಸರ್ಕಾರಿ ನಿಗಮ ಲಿಡ್‌ಕರ್ ಇದೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲೂ ಭದ್ರಾವತಿಯ ಬಸ್ ನಿಲ್ದಾಣದ ಆಸುಪಾಸಿನಲ್ಲೂ ಚಪ್ಪಲಿ ಹೊಲಿಯುವ ನುರಿತ ಕೈಗಳಿವೆ. ಅಟ್ಟೆಯ ಏರಿಕೆ ಎಲ್ಲಿಂದ ಶುರುವಾಗಬೇಕು ಎಂಬ ಗುರುತನ್ನು ಆಸ್ಪತ್ರೆಯವರು ಕಾಗದದ ಮೇಲೆ ಬರೆದುಕೊಟ್ಟರೆ ಅದನ್ನು ಕೂರಿಸಲು ಅವರಿಗೆ ಕಷ್ಟವಿಲ್ಲ, ಬೇಕಾದದ್ದು ಒಂದೆರಡು ದಿನದ ತರಬೇತಿ ಮತ್ತು ಕೆಲಸಕ್ಕೆ ತಕ್ಕ ಕೂಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಸೇರಿ, ಒತ್ತಡ ಮಿತಿ ಮೀರಿದ ಜಾಗದಲ್ಲಿ ತಾನೇ ತಗ್ಗಿ ಭಾರವನ್ನು ಪಕ್ಕಕ್ಕೆ ಹಂಚುವ ಪುಟ್ಟ ಕಮಾನುಗಳಿರುವ ಪಾದರಕ್ಷೆಯನ್ನು ರೂಪಿಸಿವೆ. ಹೆಮ್ಮೆಪಡುವ ಕೆಲಸ ಅದು, ಅದರ ಬೆಲೆ ಇಳಿದು ಜಿಲ್ಲಾ ಆಸ್ಪತ್ರೆಗಳಿಗೆ ಬರಬೇಕು. ಅದು ಬರುವವರೆಗೆ ಎಂಸಿಆರ್ ಹಾಳೆ ಮತ್ತು ದೋಣಿ ಅಟ್ಟೆ ಕಾಯುವಂತಿಲ್ಲ. ಅಂಗಾಲಿನ ಒತ್ತಡ ಅಳೆಯಲು ಲಕ್ಷಾಂತರ ರೂಪಾಯಿಯ ಯಂತ್ರವೂ ಕಡ್ಡಾಯವಲ್ಲ. ಕೆನಡಾದ ಸೈನಿಕರ ಪಾದ ಪರೀಕ್ಷಿಸಲು ಹ್ಯಾರಿಸ್ ಮತ್ತು ಬೀತ್ ಎಂಬ ವೈದ್ಯರು 1940ರ ದಶಕದಲ್ಲಿ ಬಳಸಿದ, ಶಾಯಿ ಬಳಿದ ಗೀರುಗಳ ರಬ್ಬರ್ ಚಾಪೆ ಈಗಲೂ ಕೆಲಸಕ್ಕೆ ಬರುತ್ತದೆ. ಅದರ ಮೇಲೆ ಕಾಗದ ಹಾಸಿ ನಡೆಸಿದರೆ ಒತ್ತಡ ಹೆಚ್ಚಿದ್ದಲ್ಲಿ ಕಪ್ಪು ಗಾಢವಾಗಿ ಮೂಡುತ್ತದೆ.

ಆ ಚಾಪೆಯೂ ಇಲ್ಲದ ಕಡೆ ಇನ್ನೊಂದು ದಾರಿಯಿದೆ. ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರು ಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ 30 ವರ್ಷ ದಾಟಿದವರ ಶುಗರ್, ಬಿಪಿ ನೋಡಲು ಮನೆ ಬಾಗಿಲಿಗೇ ಹೋಗುತ್ತಾರೆ. ಅವರು ಹೊಸ್ತಿಲು ದಾಟುವ ಮೊದಲು ಮನೆಯವರ ಚಪ್ಪಲಿಗಳು ಅಲ್ಲೇ ಸಾಲಾಗಿ ಬಿಟ್ಟಿರುತ್ತವೆ. ಒಂದು ವರ್ಷ ಹಾಕಿದ ಹವಾಯಿ ಚಪ್ಪಲಿಯ ಮೇಲೆ ಪಾದದ ಒತ್ತಡದ ನಕ್ಷೆಯೇ ಬರೆದಿರುತ್ತದೆ. ಹಿಮ್ಮಡಿಯ ಗುಳಿ ಎಲ್ಲರದರಲ್ಲೂ ಇರುತ್ತದೆ; ಹೆಬ್ಬೆರಳಿನ ಜಾಗದಲ್ಲಿ ಬಟಾಣಿ ಕೂರುವಷ್ಟು ಆಳದ ಕಪ್ಪು ಗುಳಿ, ಅಥವಾ ಹೆಬ್ಬೆರಳಿನ ಜಾಗ ಹೊಸದರಂತೆ ಉಳಿದು ಎರಡನೆಯ ಮೂರನೆಯ ಬೆರಳಿನ ಬುಡದಲ್ಲಿ ಸವೆದು ತಗ್ಗಾದ ಗುರುತು ಕೆಲವರದರಲ್ಲಿ ಮಾತ್ರ. ಅಂಥ ಜೋಡಿ ಕಂಡರೆ ಒಳಗೆ ಹೋದವರು ಬೆರಳಿಗೆ ಸೂಜಿ ಚುಚ್ಚುವ ಮೊದಲು ಇದು ಯಾರ ಚಪ್ಪಲಿ ಎಂದು ಕೇಳಲಿ, ಅವರನ್ನು ಕುರ್ಚಿಯ ಮೇಲೆ ಕೂರಿಸಿ ಕಾಲು ಚಾಚಲು ಹೇಳಲಿ.